ರಜೆ ಅರ್ಜಿಯಲ್ಲಿ ಕಾಮಾಲೆ

ನನಗೆ ಕಾಮಾಲೆ ಬಂದೇ ಇಲ್ಲ. ಆದರೂ 2018ರ ಸೆಪ್ಟೆಂಬರಿನಲ್ಲಿ ಇಪ್ಪತ್ತೆರಡು ದಿನ ಕಾಮಾಲೆಯ ಪಥ್ಯ ಮಾಡಿದ್ದೇನೆ. ಉಪ್ಪಿಲ್ಲದ ಗಂಜಿ, ಒಗ್ಗರಣೆ ಕಾಣದ ತಿಳಿಸಾರು, ಬೆಳಗ್ಗೆ ಖಾಲಿ ಹೊಟ್ಟೆಗೆ ಕಿರುನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿದ ಒಂದು ಲೋಟ ಹಸಿರು ನೀರು. ಕಾಯಿಲೆ ಸುಳ್ಳಾದರೂ ಪಥ್ಯ ಸುಳ್ಳಾಗುವಂತಿರಲಿಲ್ಲ. ನಮ್ಮ ಮನೆಗೆ ಬರುವವರೆಲ್ಲ ಹಿಂದಿನ ಬಾಗಿಲಿನಿಂದ ನೇರ ಅಡುಗೆಮನೆಗೇ ಬರುವವರು. ಮುಚ್ಚಳ ಎತ್ತಿ ನೋಡುವವರು.

ಕಟಪಾಡಿಯ ಹತ್ತಿರ ನಮ್ಮ ಮನೆ. ಅಪ್ಪ ಮುಂಬೈಯ ಒಂದು ಕ್ಯಾಂಟೀನಿನಲ್ಲಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಶಾಲೆ ಉಡುಪಿಯಲ್ಲಿ, ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಹತ್ತನೆಯ ತರಗತಿ ಎಂದರೆ ಮನೆಯಲ್ಲಿ ಟಿವಿಯ ವಯರು ಕಳಚಿಡುವ ವರ್ಷ. ನಮ್ಮಲ್ಲಿಯೂ ಕಳಚಿದ್ದರು.

ಮೊದಲ ಸಲ ಆದದ್ದು ಜುಲೈ ಮೊದಲ ವಾರ, ಗಣಿತದ ಪಿರಿಯಡ್‌ನಲ್ಲಿ. ಮಳೆ ಒಳಗೆ ಎರಚುತ್ತದೆಂದು ಕಿಟಕಿ ಮುಚ್ಚಿದ್ದರು. ಹಿಂದಿನ ಗೋಡೆಗೆ ಒರಗಿಸಿಟ್ಟ ನಲವತ್ತೆರಡು ಕೊಡೆಗಳಿಂದ ನೀರಿಳಿದು ಬೆಂಚುಗಳ ಅಡಿಗೆ ಹರಿಯುತ್ತಿತ್ತು. ಒದ್ದೆ ಸಾಕ್ಸಿನ ವಾಸನೆ. ನಾನು ಲೆಕ್ಕ ಬರೆದುಕೊಳ್ಳುತ್ತಿದ್ದೆ, ಹೆದರುವಂಥದ್ದು ಏನೂ ನಡೆದಿರಲಿಲ್ಲ. ಎದೆ ಒಮ್ಮೆಲೇ ಓಡತೊಡಗಿತು. ಬಾಯಿಯ ಸುತ್ತ ಮರಗಟ್ಟಿತು, ಬೆರಳ ತುದಿಗಳಲ್ಲಿ ಇರುವೆ ಹರಿದ ಹಾಗಾಯಿತು, ಮತ್ತೆ ಎರಡೂ ಕೈಗಳ ಬೆರಳುಗಳು ತಾವಾಗಿಯೇ ಮುರುಟಿಕೊಂಡವು. ಪೆನ್ನು ಬಿತ್ತು. ಕರಿಹಲಗೆ ಹಿಂದಕ್ಕೆ ಹಿಂದಕ್ಕೆ ಹೋಯಿತು. ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆ ವರ್ಷ ಅಷ್ಟು ಖಚಿತವಾಗಿ ನನಗೆ ಗೊತ್ತಿದ್ದ ವಿಷಯ ಇನ್ನೊಂದಿಲ್ಲ.

"ಬೆಳಗ್ಗೆ ಎಂತ ತಿಂದಿದ್ದಿ?" ಎಂದು ಕೇಳಿ ಸ್ಟಾಫ್ ರೂಮಿನಲ್ಲಿ ಕೂರಿಸಿ ಗ್ಲೂಕೋಸ್ ನೀರು ಕೊಟ್ಟರು. ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಸರಿಯಾಯಿತು. ತೊಂದರೆ ಇದ್ದದ್ದೇ ಅಲ್ಲಿ, ಸರಿಯಾಗಿಬಿಡುತ್ತಿತ್ತು. ಮುಂದಿನ ನಾಲ್ಕು ವಾರಗಳಲ್ಲಿ ಆರೇಳು ಸಲ ಆಯಿತು, ಪ್ರತಿ ಸಲವೂ ಡಾಕ್ಟರರ ಹತ್ತಿರ ಮುಟ್ಟುವಾಗ ತೋರಿಸಲು ನನ್ನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಇಸಿಜಿ ಮಾಡಿದರು, ಚೆನ್ನಾಗಿತ್ತು. ರಕ್ತ ಪರೀಕ್ಷೆ, ಥೈರಾಯ್ಡ್, ಎಲ್ಲವೂ ಚೆನ್ನಾಗಿದ್ದವು. ಎಲ್ಲ ಚೆನ್ನಾಗಿರುವ ಹುಡುಗಿಗೆ ಕೊಡುವ ಹೆಸರು ಗ್ಯಾಸ್ಟ್ರಿಕ್. ಅದರ ಗುಳಿಗೆಯನ್ನೂ ನುಂಗಿದೆ.

ಶಾಲೆಯಲ್ಲಿ ಅದಕ್ಕೆ ಬೇರೆಯೇ ಹೆಸರು ಬಿತ್ತು. ತುಳುನಾಡಿನಲ್ಲಿ ಬೆಳೆದವರಿಗೆ ಮೈಮೇಲೆ ಬರುವುದು ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ದೈವ ಮೈಮೇಲೆ ಬಂದ ಪಾತ್ರಿಯ ಕೈಯಲ್ಲಿ ಹಿಂಗಾರ, ಅಂದರೆ ಅಡಿಕೆಯ ಹೂ, ನಡುಗುತ್ತದೆ, ಕೂದಲು ಬಿಚ್ಚಿಕೊಳ್ಳುತ್ತದೆ, ಉಸಿರು ಬುಸುಗುಟ್ಟುತ್ತದೆ. ಆಗಸ್ಟಿನ ಒಂದು ದಿನ ನಾನು ತಡವಾಗಿ ತರಗತಿಯೊಳಗೆ ಕಾಲಿಟ್ಟಾಗ ಹಿಂದಿನ ಬೆಂಚಿನ ಒಬ್ಬ ತೆಂಗಿನ ಕಡ್ಡಿಯ ಹಿಡಿಸೂಡಿಯನ್ನು ಮುಖದ ಮುಂದೆ ಹಿಂಗಾರದ ಹಾಗೆ ಹಿಡಿದು ನಡುಗತೊಡಗಿದ. ಪಕ್ಕದವನು ಬೆಂಚಿನ ಮೇಲೆ ಡೋಲು ಬಾರಿಸಿದ. ಕಲೆ ಎಂದು ನೋಡಿದರೆ ಚೆನ್ನಾಗಿಯೇ ಮಾಡಿದ್ದ, ಮಣಿಕಟ್ಟಿನಿಂದ ಶುರುವಾದ ನಡುಕ ಭುಜಕ್ಕೆ ಏರುವುದನ್ನು ಕೂಡ ಬಿಟ್ಟಿರಲಿಲ್ಲ. ಟೀಚರ್ ಡಸ್ಟರಿನಿಂದ ಬಾಯಿ ಮುಚ್ಚಿಕೊಂಡರು. ಗದರಲು ಅಲ್ಲ, ನಗು ತಡೆಯಲು. ಡಸ್ಟರ್ ಇಳಿಸಿದಾಗ ಅವರ ಮೂಗಿನ ತುದಿಯಲ್ಲಿ ಸೀಮೆಸುಣ್ಣದ ಬಿಳಿ ಅಂಟಿತ್ತು, ಈಗ ಎಲ್ಲರೂ ಅದಕ್ಕೆ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯುವಾಗ ನನಗೆ ಹೆಚ್ಚು ಚುಚ್ಚುತ್ತಿರುವುದು ನಾನೂ ನಕ್ಕದ್ದು.

ಹೀಗೆ ಮೈಮೇಲೆ ಬರುವುದಕ್ಕೆ ನಮ್ಮಲ್ಲಿ ದರ್ಶನ ಎನ್ನುತ್ತಾರೆ. ಅಂದಿನಿಂದ "ದರ್ಶನ" ನನ್ನ ಅಡ್ಡಹೆಸರಾಯಿತು. ಹಾಗೆ ಕರೆಯದವರು "ನಾಟಕ" ಎಂದರು. ಕ್ರೀಡಾ ಶಿಕ್ಷಕರು ಎರಡನೆಯ ಪಕ್ಷದವರು.

ಅಜ್ಜಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು, ನೂಲು ಮಂತ್ರಿಸಿ ತಂದು ಕೈಗೆ ಕಟ್ಟಿದಳು. ಪ್ರಶ್ನೆ ಇಡಿಸಬೇಕು ಎಂದಳು, ಆದರೆ ತುಳುವರ ಆಟಿ ತಿಂಗಳು ನಡೆಯುತ್ತಿತ್ತು. ಆಟಿಯಲ್ಲಿ ನಮ್ಮಲ್ಲಿ ಯಾವುದನ್ನೂ ಶುರು ಮಾಡುವುದಿಲ್ಲ. ಹಾಗಾಗಿ ನನ್ನ ಕಾಯಿಲೆಯೂ ಆಟಿ ಮುಗಿಯುವ ತನಕ ಕಾಯಬೇಕಾಯಿತು. ಆಗಸ್ಟ್ ಮೂರನೆಯ ವಾರ ಜೋಯಿಸರು ಕವಡೆ ಸರಿಸಿ ನೋಡಿ, ಕುಟುಂಬದ ಮೂಲಸ್ಥಾನದಲ್ಲಿ ನಾಗನಿಗೆ ತಂಬಿಲದ ಸೇವೆ ಬಾಕಿ ಇದೆ, ಅದನ್ನು ಮಾಡಿಸಿ ಎಂದರು. ಇಷ್ಟು ನಾವು ನಿರೀಕ್ಷಿಸಿದ್ದೇ. ಎದ್ದು ಹೊರಡುವಾಗ ಅವರು ಅಮ್ಮನನ್ನು ಮಾತ್ರ ಕರೆದು, "ತಂಬಿಲ ತಂಬಿಲದ ದಾರಿಯಲ್ಲಿ ಆಗಲಿ. ಮಗುವನ್ನು ಮನಸ್ಸಿನ ಡಾಕ್ಟರರಿಗೂ ಒಮ್ಮೆ ತೋರಿಸಿ. ನನ್ನ ತಂಗಿಯ ಮಗನಿಗೂ ಹೀಗೆಯೇ ಇತ್ತು" ಎಂದರು. ಎರಡು ತಿಂಗಳಲ್ಲಿ ಶಾಲೆಯವರಾಗಲಿ, ಗ್ಯಾಸ್ಟ್ರಿಕ್ ಗುಳಿಗೆ ಬರೆದವರಾಗಲಿ ಹೇಳದ ಮಾತನ್ನು ಕವಡೆಯ ಮುಂದೆ ಕುಳಿತವರು ಹೇಳಿದರು. ಈ ಒಂದು ಕಾರಣಕ್ಕೆ ನಾನು ಇಂದಿಗೂ ಜೋಯಿಸರನ್ನು ಹಗುರವಾಗಿ ಮಾತನಾಡುವವರ ಜೊತೆ ಸೇರುವುದಿಲ್ಲ.

ಮಣಿಪಾಲ ನಮಗೆ ಹತ್ತಿರ. ಉಡುಪಿಯಲ್ಲಿಯೂ ಮನೋವೈದ್ಯರಿದ್ದಾರೆ. ಆದರೆ ಅಮ್ಮ ಆರಿಸಿದ್ದು ಮಂಗಳೂರು. ಕಾರಣ ಸರಳ: ಉಡುಪಿಯ ಆಸ್ಪತ್ರೆಯ ಹಜಾರದಲ್ಲಿ ಕುಳಿತರೆ ಗುರುತಿನವರು ಕಾಣುತ್ತಾರೆ. ಮಂಗಳೂರಿಗೆ ಹೋದ ಮೇಲೆ ನನಗೆ ಗೊತ್ತಾದದ್ದು, ಈ ಉಪಾಯ ಅಮ್ಮನೊಬ್ಬಳದೇ ಅಲ್ಲ ಎಂದು. ಆ ಬೆಂಚುಗಳಲ್ಲಿ ಕುಂದಾಪುರದ ಕನ್ನಡ ಕೇಳುತ್ತಿತ್ತು, ಕಾಸರಗೋಡಿನ ಮಲಯಾಳ ಕೇಳುತ್ತಿತ್ತು, ಮಂಗಳೂರಿನ ಕೊಂಕಣಿ ಕಡಿಮೆ. ಮಂಗಳೂರಿನವರು ಪ್ರಾಯಶಃ ಅದೇ ಹೊತ್ತಿಗೆ ಮಣಿಪಾಲದ ಬೆಂಚುಗಳಲ್ಲಿದ್ದರು. ಎರಡು ಊರಿನ ಗುಟ್ಟುಗಳು ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮೂಲ್ಕಿಯ ಸೇತುವೆಯ ಮೇಲೆ ಒಂದನ್ನೊಂದು ದಾಟಿಹೋಗುತ್ತವೆ ಎಂದು ನಾನು ಎಷ್ಟೋ ಸಲ ನೆನೆದು ನಕ್ಕಿದ್ದೇನೆ. ಅಂದು ನಗುವ ಸ್ಥಿತಿಯಲ್ಲಿರಲಿಲ್ಲ. ಪಡುಬಿದ್ರಿ ದಾಟುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುರತ್ಕಲ್ಲಿನಲ್ಲಿ ನಾನು ಇಳಿದುಬಿಟ್ಟೆ. ಅಮ್ಮ ಏನೂ ಹೇಳದೆ ನನ್ನ ಹಿಂದೆಯೇ ಇಳಿದಳು. ಇನ್ನೊಂದು ಬಸ್ಸಿಗೆ ಅರ್ಧ ಗಂಟೆ ಕಾದು, ಕಿಟಕಿಯ ಸೀಟು ಸಿಕ್ಕಿದ ಮೇಲೆ ಹತ್ತಿದೆವು.

ಡಾಕ್ಟರ್ ಐವತ್ತು ದಾಟಿದ ಹೆಂಗಸು. ನನ್ನ ಕಥೆ ಕೇಳಿ ಮುಗಿಸಿದ ಮೇಲೆ, "ಈಗ ಒಂದು ನಿಮಿಷ ನಾಯಿ ಏದುವ ಹಾಗೆ ಜೋರಾಗಿ ಉಸಿರಾಡು" ಎಂದರು. ನಾನು ಅಮ್ಮನ ಮುಖ ನೋಡಿದೆ. ಡಾಕ್ಟರ್ ತಾವೂ ಜೊತೆಗೆ ಏದತೊಡಗಿದರು. ಅರ್ಧ ನಿಮಿಷದಲ್ಲಿ ತಲೆ ಹಗುರವಾಯಿತು, ಬೆರಳ ತುದಿಗೆ ಅದೇ ಇರುವೆಗಳು ಬಂದವು, ಬಾಯಿಯ ಸುತ್ತ ಅದೇ ಮರಗಟ್ಟು. "ಬಂತಾ?" ಎಂದರು. "ಬಂತು" ಎಂದೆ. "ನನಗೂ ಬಂತು" ಎಂದು ತಮ್ಮ ಬೆರಳುಗಳನ್ನು ಝಾಡಿಸಿದರು. ಎರಡು ತಿಂಗಳಿನಿಂದ ನನ್ನೊಬ್ಬಳ ಮೈಯಲ್ಲಿ ಮಾತ್ರ ಇದ್ದದ್ದು ಮೊದಲ ಸಲ ಇನ್ನೊಬ್ಬರ ಮೈಯಲ್ಲಿಯೂ ಕಾಣಿಸಿತು. ಆ ಹೊತ್ತಿಗೆ ನನಗೆ ಬಂದ ಅಳು ಹೆದರಿಕೆಯದಲ್ಲ.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹೆದರಿಕೆಗೆ ಉಸಿರು ಜೋರಾಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಬೆರಳು ಜುಮ್ಮೆನ್ನುತ್ತದೆ, ಮುರುಟುತ್ತದೆ, ತಲೆ ತಿರುಗುತ್ತದೆ. ಅದನ್ನು ಕಂಡು ಹೆದರಿಕೆ ಇನ್ನೂ ಏರುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಮುಟ್ಟಿ ಆಮೇಲೆ ಇಳಿಯುತ್ತದೆ. ಇದರ ಹೆಸರು ಪ್ಯಾನಿಕ್ ಅಟ್ಯಾಕ್, ಮತ್ತೆ ಮತ್ತೆ ಬಂದು, ಮುಂದಿನದು ಯಾವಾಗ ಎಂಬ ಹೆದರಿಕೆಯಲ್ಲೇ ದಿನ ಕಳೆಯುವಂತಾದರೆ ಪ್ಯಾನಿಕ್ ಡಿಸಾರ್ಡರ್. "ನಿಮ್ಮ ಮನೆಯಲ್ಲಿ ನಾಯಿ ಇದೆಯಾ?" ಎಂದು ಕೇಳಿದರು. ಇತ್ತು. "ಕಳ್ಳ ಬಂದರೂ ಬೊಗಳುತ್ತದೆ, ತೆಂಗಿನ ಮಡಲು ಬಿದ್ದರೂ ಬೊಗಳುತ್ತದೆ, ಅಲ್ಲವಾ? ಅದಕ್ಕೆ ಹುಚ್ಚು ಹಿಡಿದಿಲ್ಲ. ಕಿವಿ ಸ್ವಲ್ಪ ಜಾಸ್ತಿ."

ಅಮ್ಮ ಅಲ್ಲಿಯ ತನಕ ಸುಮ್ಮನಿದ್ದವಳು ಕೇಳಿಯೇ ಬಿಟ್ಟಳು: "ಇದು ಮರ್ಲ್ ಅಲ್ಲವಲ್ಲ ಡಾಕ್ಟರೇ?" ಮರ್ಲ್ ಎಂದರೆ ತುಳುವಿನಲ್ಲಿ ಹುಚ್ಚು. ಅಲ್ಲ ಎಂದರು. ಎರಡನೆಯ ಪ್ರಶ್ನೆ, "ಮದ್ದು ಅಭ್ಯಾಸ ಆಗುತ್ತದಾ?" ಇಲ್ಲ, ಆದರೆ ಒಮ್ಮೆಲೇ ಬಿಡಬಾರದು, ನಿಧಾನವಾಗಿ ಇಳಿಸಬೇಕು ಎಂದರು. ಮೂರನೆಯ ಪ್ರಶ್ನೆ, "ಮುಂದೆ ಮದುವೆಗೆ ತೊಂದರೆ ಆಗುತ್ತದಾ?" ನನಗೆ ಆಗ ಹದಿನೈದು ವರ್ಷ. ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿ, "ಮೊದಲು ಎಸ್ಸೆಸ್ಸೆಲ್ಸಿ ಬರೆಯಲಿ ಅಮ್ಮ" ಎಂದರು.

ಸರ್ಟ್ರಲಿನ್ 25 ಮಿಲಿಗ್ರಾಂ, ಆಮೇಲೆ 50. ಜೊತೆಗೆ ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ. ಗುಳಿಗೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು ಎಂದು ಮೊದಲೇ ಹೇಳಿದ್ದರು. ಚೆನ್ನಾಗಿಯೇ ತೊಳಸಿತು. ನಿದ್ದೆ ಕೆಟ್ಟಿತು, ಶಾಲೆಗೆ ಹೋಗುವ ಶಕ್ತಿ ಇರಲಿಲ್ಲ. ಡಾಕ್ಟರ್ ಪ್ರಮಾಣಪತ್ರ ಬರೆದುಕೊಟ್ಟರು. ಅದರ ನೆತ್ತಿಯಲ್ಲಿ ಆಸ್ಪತ್ರೆಯ ಹೆಸರು, ಅದರ ಕೆಳಗೆ ನೀಲಿ ಅಕ್ಷರಗಳಲ್ಲಿ ಮನೋವೈದ್ಯಕೀಯ ವಿಭಾಗ ಎಂದು ಇಂಗ್ಲಿಷಿನಲ್ಲಿ.

ಬಸ್ಸಿನಲ್ಲಿ ಅಮ್ಮ ಆ ಕಾಗದವನ್ನು ಮೂರು ಸಲ ಓದಿದಳು. ಮನೆಗೆ ಬಂದು ದಿನಪತ್ರಿಕೆಯಲ್ಲಿ ಸುತ್ತಿ ಕಪಾಟಿನಲ್ಲಿ ಧಾರೆ ಸೀರೆಯ ಅಡಿಯಲ್ಲಿಟ್ಟಳು. ನನ್ನ ನೋಟು ಪುಸ್ತಕದಿಂದ ಒಂದು ಹಾಳೆ ಹರಿದು, "ಇವರಿಗೆ, ಮುಖ್ಯಶಿಕ್ಷಕರು" ಎಂದು ತಾನೇ ಶುರು ಮಾಡಿದಳು. "ನನ್ನ ಮಗಳಿಗೆ" ಎಂಬಲ್ಲಿ ನಿಂತು, ಒಂದು ಬೀಡಿ ಕಟ್ಟುವಷ್ಟು ಹೊತ್ತು ಯೋಚಿಸಿ, "ಕಾಮಾಲೆ ಬಂದಿರುವುದರಿಂದ" ಎಂದು ಬರೆದಳು. ಏಕೆ ಕಾಮಾಲೆ ಎಂದು ಕೇಳಿದೆ. "ಜ್ವರ ಇಷ್ಟು ದಿನ ಇರುವುದಿಲ್ಲ. ಟೈಫಾಯ್ಡ್ ಎಂದರೆ ಆಸ್ಪತ್ರೆಗೆ ನೋಡಲು ಬರುತ್ತಾರೆ. ಕಾಮಾಲೆ ಎಂದರೆ ಮನೆಯಲ್ಲಿಯೇ ಮದ್ದು." ಸುಳ್ಳಿನ ವಿಷಯದಲ್ಲಿ ಅಮ್ಮ ಇಷ್ಟು ಕೂಲಂಕಷವಾಗಿ ಯೋಚಿಸಬಲ್ಲಳೆಂದು ನನಗೆ ಗೊತ್ತಿರಲಿಲ್ಲ.

ಮರುದಿನ, ಕಟ್ಟಿದ ಬೀಡಿ ಒಪ್ಪಿಸುವ ಬೀಡಿ ಬ್ರ್ಯಾಂಚಿನಲ್ಲಿ ಸುದ್ದಿ ಹೇಳಿದಳು. ಬ್ರ್ಯಾಂಚಿನಲ್ಲಿ ಹೇಳಿದರೆ ಇನ್ನೆಲ್ಲಿಯೂ ಹೇಳಬೇಕಾಗಿಲ್ಲ. ಸಂಜೆಯೊಳಗೆ ಮೂವರು ಕಿರುನೆಲ್ಲಿ ಕಿತ್ತು ತಂದರು, ಬೇರಿನ ಮಣ್ಣು ಕೂಡ ತೊಳೆದಿದ್ದರು. ಒಬ್ಬರು ಹೆಬ್ರಿಯ ಕಡೆಯ ನಾಟಿ ವೈದ್ಯರ ವಿಳಾಸ ಕೊಟ್ಟರು. ದೊಡ್ಡಮ್ಮ ಕಬ್ಬಿನ ಹಾಲು ತಂದಳು. ಊರು ಎಷ್ಟು ಪ್ರೀತಿಯದು ಎಂದು ಆ ಮೂರು ವಾರಗಳಲ್ಲಿ ತಿಳಿದಷ್ಟು ನನಗೆ ಎಂದೂ ತಿಳಿದಿಲ್ಲ, ಎಲ್ಲವೂ ನನ್ನ ಪಿತ್ತಜನಕಾಂಗಕ್ಕೆ ಸಲ್ಲುತ್ತಿದ್ದ ಪ್ರೀತಿ. ರಾತ್ರಿ ಎಲ್ಲರೂ ಹೋದ ಮೇಲೆ ಅಮ್ಮ ಅಕ್ಕಿಯ ಡಬ್ಬಿಯಿಂದ ಗುಳಿಗೆಯ ಪಟ್ಟಿ ತೆಗೆದು ಒಂದು ಬಿಡಿಸಿ ಕೊಡುತ್ತಿದ್ದಳು.

ಶಾಲೆಗೆ ಮರಳಿದ ದಿನ ನನ್ನ ಬೆಂಚಿನ ಗೆಳತಿ ನನ್ನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಬೆಳಕಿಗೆ ಹಿಡಿದು, "ಹಳದಿ ಪೂರಾ ಹೋಗಿದೆ" ಎಂದು ತರಗತಿಗೆ ಘೋಷಿಸಿದಳು. ಐದು ಮಂದಿ ಹಂಚಿಕೊಂಡು ನನ್ನ ನೋಟ್ಸ್ ಬರೆದಿಟ್ಟಿದ್ದರು. ಆ ಸಮಾಜ ವಿಜ್ಞಾನದ ಪುಸ್ತಕ ಈಗಲೂ ನನ್ನಲ್ಲಿದೆ, ಒಂದೇ ಪಾಠದಲ್ಲಿ ಮೂರು ಕೈಬರಹಗಳು. ನನ್ನ ಬಾಟಲಿಯಿಂದಲೇ ನೀರು ಕುಡಿದರು, ನಾನು ಅವರದರಿಂದ ಕುಡಿದೆ. ಕಾಮಾಲೆಯಲ್ಲಿ ನೀರಿನಿಂದ, ಆಹಾರದಿಂದ ಹರಡುವ ಬಗೆಯೂ ಇದೆ ಎಂಬುದು ವಿಜ್ಞಾನದ ಪಾಠದಲ್ಲಿಯೇ ಇತ್ತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ದರ್ಶನ" ಎಂಬ ಹೆಸರು ಕೂಡ ಮರೆತುಹೋಗಿತ್ತು. ಕಾಮಾಲೆಯ ಹುಡುಗಿಗೆ ಅಂಥ ಹೆಸರು ಹೊಂದುವುದಿಲ್ಲ.

ಅಕ್ಟೋಬರ್, ನವೆಂಬರ್ ಹೀಗೆಯೇ ಸಾಗಿದವು. ಪ್ರತಿ ಬುಧವಾರ ಮಂಗಳೂರಿಗೆ, "ಕಾಮಾಲೆಯ ಚೆಕಪ್‌"ಗೆ. ಅಟ್ಯಾಕ್‌ಗಳು ವಾರಕ್ಕೆರಡರಿಂದ ತಿಂಗಳಿಗೆ ಒಂದಕ್ಕೆ ಇಳಿದವು. ಕೌನ್ಸೆಲರ್ ನನ್ನಿಂದ ಒಂದು ಏಣಿ ಬರೆಸಿದ್ದರು. ಕೆಳಗಿನ ಮೆಟ್ಟಿಲು, ಬಾಗಿಲ ಪಕ್ಕದ ಬೆಂಚಿನಲ್ಲಿ ಒಂದು ಪಿರಿಯಡ್ ಕೂರುವುದು. ಮೇಲಿನದು, ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮೂರು ಗಂಟೆ ಪರೀಕ್ಷೆ ಬರೆಯುವುದು. ನಡುವೆ ಜನ ತುಂಬಿದ ಬಸ್ಸು, ಗಟ್ಟಿಯಾಗಿ ಪಾಠ ಓದುವುದು, ಬೇಕೆಂದೇ ಮೆಟ್ಟಿಲು ಓಡಿ ಹತ್ತಿ ಎದೆ ಹೊಡೆದುಕೊಳ್ಳುವುದನ್ನು ಕುಳಿತು ನೋಡುವುದು. ಒಂದು ಮೆಟ್ಟಿಲಿನಲ್ಲಿ ಬೇಸರ ಬರುವ ತನಕ ನಿಂತು ಆಮೇಲೆ ಮುಂದಿನದಕ್ಕೆ. ಹೆದರಿಕೆ ಹೋಗುವ ತನಕ ಎಂದಲ್ಲ, ಬೇಸರ ಬರುವ ತನಕ ಎಂದೇ ಅವರು ಹೇಳಿದ್ದು.

ಜನವರಿಯಲ್ಲಿ ಹಾಜರಾತಿಯ ಲೆಕ್ಕ ತೆಗೆದರು. ಎಸ್ಸೆಸ್ಸೆಲ್ಸಿಗೆ ಶೇ 75 ಬೇಕು. ಸೆಪ್ಟೆಂಬರಿನ ಇಪ್ಪತ್ತೆರಡು ದಿನ, ಜುಲೈ ಆಗಸ್ಟಿನ ಬಿಡಿ ರಜೆಗಳು, ಬುಧವಾರಗಳು ಎಲ್ಲ ಸೇರಿ ನನ್ನದು ಅಂಚಿಗೆ ಬಂದು ನಿಂತಿತ್ತು. ಪೋಷಕರ ಅರ್ಜಿ ಸಾಲದು, ವೈದ್ಯರ ಪ್ರಮಾಣಪತ್ರ ಬೇಕು ಎಂದರು. ಕಾಮಾಲೆಯ ಪ್ರಮಾಣಪತ್ರ ಎಲ್ಲಿಂದ ತರುವುದು? ನೂರಿನ್ನೂರು ಕೊಟ್ಟರೆ ಬರೆದುಕೊಡುವವರಿದ್ದಾರೆ ಎಂದು ಬ್ರ್ಯಾಂಚಿನಲ್ಲಿ ಯಾರೋ ಹೇಳಿದ್ದರಂತೆ. ಅಮ್ಮ ಒಂದು ರಾತ್ರಿ ಪೂರ್ತಿ ಯೋಚಿಸಿರಬೇಕು. ಬೆಳಗ್ಗೆ ಧಾರೆ ಸೀರೆಯ ಅಡಿಯಿಂದ ಕಾಗದ ತೆಗೆದಳು.

ಮುಖ್ಯಶಿಕ್ಷಕರ ಮೇಜಿನ ಮುಂದೆ ಅಮ್ಮ ಅದನ್ನು ಚಾಚಿದ ರೀತಿಯನ್ನು ನಾನು ಮರೆಯಲಾರೆ. ಹೆಬ್ಬೆರಳನ್ನು ಸರಿಯಾಗಿ ಆ ನೀಲಿ ಅಕ್ಷರಗಳ ಮೇಲೆ ಇಟ್ಟಿದ್ದಳು. ಹೊಗೆಸೊಪ್ಪು ತಾಗಿ ತಾಗಿ ಉಗುರಿನ ಬದಿ ಹಳದಿಗಟ್ಟಿದ ಹೆಬ್ಬೆರಳು. ನಮ್ಮ ಮನೆಯಲ್ಲಿ ಹಳದಿಯಾಗಿದ್ದದ್ದು ಅದೊಂದೇ. ಸರ್ ಕಾಗದ ಹಿಡಿದು ಎಳೆದರು, ಅಮ್ಮ ಬಿಡಲಿಲ್ಲ. ಇನ್ನೊಮ್ಮೆ ಎಳೆದ ಮೇಲೆ ಬಿಟ್ಟಳು.

"ಅರ್ಜಿಯಲ್ಲಿ ಕಾಮಾಲೆ ಎಂದಿದೆ."

"ಹೌದು ಸರ್."

"ಇದರಲ್ಲಿ ಬೇರೆ ಇದೆ."

"ಹೌದು ಸರ್."

"ಇವೆರಡರಲ್ಲಿ ಯಾವುದು ಸರಿ?"

ಅಮ್ಮ ನೆಲ ನೋಡುತ್ತಿದ್ದಳು. "ಇದು ಸರ್" ಎಂದು ನಾನು ಹೇಳಿದೆ.

ಅವರು ಕೆಟ್ಟವರಾಗಿರಲಿಲ್ಲ. ಕುಳಿತುಕೊಳ್ಳಿ ಎಂದರು, ನೀರು ತರಿಸಿದರು. ಆಮೇಲೆ ಅಮ್ಮನಿಗೆ, "ಈ ವರ್ಷ ಬಿಟ್ಟು ಮುಂದಿನ ವರ್ಷ ಬರೆದರೆ ಹೇಗೆ? ಮಗಳಿಗೂ ಒಳ್ಳೆಯದು. ನಮ್ಮ ಫಲಿತಾಂಶ ಮೂರು ವರ್ಷದಿಂದ ಶೇಕಡಾ ನೂರು ಇದೆ" ಎಂದರು. ಎರಡನೆಯ ವಾಕ್ಯಕ್ಕೂ ಮೂರನೆಯದಕ್ಕೂ ನಡುವೆ ಉಸಿರು ಕೂಡ ತೆಗೆದುಕೊಳ್ಳಲಿಲ್ಲ. ಅರ್ಧವಾರ್ಷಿಕದಲ್ಲಿ ನನಗೆ 625ಕ್ಕೆ 461 ಬಂದಿತ್ತು. ಕಾಮಾಲೆಯ ಹುಡುಗಿಗೆ ಆ ಅಂಕ ಸಾಕಾಗಿತ್ತು. ಅಮ್ಮ ತಲೆ ಎತ್ತಿ, "ಅವಳು ಇದೇ ವರ್ಷ ಬರೆಯುತ್ತಾಳೆ" ಎಂದಳು. ಅಷ್ಟೇ ಹೇಳಿದ್ದು.

ಪರೀಕ್ಷೆಗೆ ಒಪ್ಪಿದರು. ಆದರೆ ಸ್ಟಾಫ್ ರೂಮಿಗೆ ಮುಟ್ಟಿದ ಕಾಗದ ತರಗತಿಗೆ ಮುಟ್ಟಲು ಎರಡು ದಿನ ಸಾಕಾಯಿತು. ಮುಟ್ಟಿಸಿದ್ದು ಕೂಡ ಒಳ್ಳೆಯ ಮನಸ್ಸಿನಿಂದಲೇ. ನನ್ನನ್ನು ಲೈಬ್ರರಿಗೆ ಕಳುಹಿಸಿ ತರಗತಿಯ ಟೀಚರ್, "ಅವಳಿಗೆ ಮಾನಸಿಕ ತೊಂದರೆ ಇದೆ, ಮದ್ದು ನಡೆಯುತ್ತಿದೆ, ಯಾರೂ ಅವಳಿಗೆ ಹಿಂಸೆ ಕೊಡಬಾರದು" ಎಂದು ಹೇಳಿದರಂತೆ. ನಾನು ಮರಳಿ ಬಂದಾಗ ಯಾರೂ ಹಿಂಸೆ ಕೊಡಲಿಲ್ಲ. ಯಾರೂ ಏನನ್ನೂ ಕೊಡಲಿಲ್ಲ. ಹಿಡಿಸೂಡಿ ಹಿಡಿದು ಕುಣಿದವನು ಸಹ ನನ್ನನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದ. ಅವನ ನಾಟಕವೇ ಇದಕ್ಕಿಂತ ಮೇಲು ಎನಿಸಿದ್ದೂ ಉಂಟು. ಕಣ್ಣ ರೆಪ್ಪೆ ಎಳೆದು ನೋಡಿದ ಗೆಳತಿ ಮೂರನೆಯ ದಿನ ಮುಂದಿನ ಬೆಂಚಿಗೆ ಹೋದಳು. ಬೋರ್ಡು ಕಾಣುವುದಿಲ್ಲ ಎಂದಳು. ಅವಳ ಅಮ್ಮನೂ ಬೀಡಿ ಬ್ರ್ಯಾಂಚಿಗೆ ಬರುವವರೇ. ಅಂದಿನಿಂದ ನನ್ನ ಬಾಟಲಿಯ ನೀರು ಸಂಜೆಗೆ ಹಾಗೆಯೇ ಉಳಿಯತೊಡಗಿತು. ನೀರಿನಿಂದ ಹರಡಬಹುದಾದ ಕಾಯಿಲೆ ಎಂದುಕೊಂಡಾಗ ಕುಡಿದವರು, ಹರಡಲು ಸಾಧ್ಯವೇ ಇಲ್ಲದ ಕಾಯಿಲೆ ಎಂದು ಗೊತ್ತಾದಾಗ ಬಿಟ್ಟರು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯನ್ನು ನಾನು ಓದಿದ್ದು ಇತ್ತೀಚೆಗೆ, ಪದವಿ ಮುಗಿಸಿದ ಮೇಲೆ. ಅದರ 23ನೆಯ ಸೆಕ್ಷನ್ ಕಾಯಿಲೆಯ ಮಾಹಿತಿಯನ್ನು ಗೌಪ್ಯವಾಗಿಡಿಸಿಕೊಳ್ಳುವ ಹಕ್ಕನ್ನು ರೋಗಿಗೆ ಕೊಡುತ್ತದೆ, ಅದನ್ನು ಕಾಪಾಡುವ ಹೊಣೆಯನ್ನು ಆರೋಗ್ಯ ವೃತ್ತಿಯವರ ಮೇಲೆ ಹೊರಿಸುತ್ತದೆ. ಸ್ಟಾಫ್ ರೂಮಿನ ಚಹಾದ ಹೊತ್ತು ಅದರಲ್ಲಿ ಬರುವುದಿಲ್ಲ. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರುವುದೂ ನನಗೆ ಆಮೇಲೆಯೇ ಗೊತ್ತಾಯಿತು. ಯಾರಾದರೂ ಹೇಳಿದ್ದರೆ ಹೋಗುತ್ತಿದ್ದೆವೇ ಎಂದರೆ, ಗುರುತಿನವರು ಸಿಗುತ್ತಾರೆಂದು ಹೋಗುತ್ತಿರಲಿಲ್ಲ.

ಪರೀಕ್ಷೆಯ ತನಕದ ಆ ಎರಡು ತಿಂಗಳು ನಾನು ಕಳೆದದ್ದು ಶಾಲೆಯ ಬಿಸಿಯೂಟದ ಅಡುಗೆಕೋಣೆಯಲ್ಲಿ. ಎದೆ ಹೊಡೆದುಕೊಂಡಾಗ ಹೊರಗೆ ಹೋಗಲು ಅನುಮತಿ ಸಿಕ್ಕಿತ್ತು, ಹೋಗಲು ಜಾಗವಿರಲಿಲ್ಲ. ಅಡುಗೆಯ ಅಕ್ಕ ನನ್ನನ್ನು ಬಾಗಿಲಲ್ಲಿ ಕಂಡು, ಎಂತ ಎತ್ತ ಎಂದು ಕೇಳದೆ, ಒಂದು ಮಣೆ ಮತ್ತು ಒಂದು ತಟ್ಟೆ ಬೆಳ್ಳುಳ್ಳಿ ಮುಂದಿಟ್ಟಳು. "ಸುಲಿ. ಎಷ್ಟಾಯಿತು ಎಂದು ಆಮೇಲೆ ಹೇಳು." ಎಸಳು ಎಣಿಸಿ ಸುಲಿದೆ. ಉಗುರಿನ ಸಂದಿಯಲ್ಲಿ ಬೆಳ್ಳುಳ್ಳಿಯ ಉರಿ, ಒಲೆಯ ಮೇಲೆ ಬೇಳೆ ಕುದಿಯುವ ಸದ್ದು. ನೂರ ಹನ್ನೆರಡರ ಹತ್ತಿರ ಬರುವಾಗ ಎದೆ ತನ್ನ ಪಾಡಿಗೆ ಇಳಿದಿತ್ತು. ಕೌನ್ಸೆಲರ್ ಬಳಿ ಹೇಳಿದಾಗ ಅವರು ನಕ್ಕು, ಗಮನವನ್ನು ಕೈಗೆ, ಕಣ್ಣಿಗೆ, ಮೂಗಿಗೆ ತರುವ ಇಂಥದ್ದನ್ನೇ ತಾವೂ ಕಲಿಸುವುದು ಎಂದರು. ಅಕ್ಕನಿಗೆ ಮಾತ್ರ ಬೆಳ್ಳುಳ್ಳಿ ಸುಲಿಯಲು ಒಬ್ಬರು ಬೇಕಾಗಿದ್ದರು. ಆ ಶಾಲೆಯಲ್ಲಿ ನನ್ನಿಂದ ಉಪಯೋಗವಿದೆ ಎಂದು ತಿಳಿದವಳು ಅವಳೊಬ್ಬಳೇ. ಅಕ್ಕ ಎಷ್ಟು ಕೇಳಿದರೂ ಲೆಕ್ಕ ತಪ್ಪದೆ ಹೇಳುತ್ತಿದ್ದೆ.

ಪರೀಕ್ಷೆ ಬೇರೆ ಶಾಲೆಯಲ್ಲಿ. ಮೊದಲ ದಿನ ಅರ್ಧ ಗಂಟೆ ಕಳೆದ ಮೇಲೆ ಇರುವೆಗಳು ಬಂದವು. ಬರಲಿ ಎಂದು ಪೆನ್ನು ಕೆಳಗಿಟ್ಟು ಕುಳಿತೆ. ಹನ್ನೊಂದು ನಿಮಿಷ ಹೋಯಿತು, ಗಡಿಯಾರ ಎದುರಿಗೇ ಇತ್ತು. ಉಳಿದ ಪರೀಕ್ಷೆಗಳ ಬಗ್ಗೆ ಹೇಳುವಂಥದ್ದು ಇಲ್ಲ. 487 ಬಂತು. ಶಾಲೆಯ ಶೇಕಡಾ ನೂರು ಆ ವರ್ಷವೂ ಉಳಿಯಿತು, ಫಲಕದಲ್ಲಿ ಹಾಕಿದರು. ಗುಳಿಗೆ ಇನ್ನೂ ಒಂದು ವರ್ಷ ನಡೆಯಿತು, ಪಿಯುಸಿಯ ಎರಡನೆಯ ವರ್ಷದಲ್ಲಿ ಇಳಿಸಿ ನಿಲ್ಲಿಸಿದರು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದ್ದದ್ದು ಕಂಡುಬಂದಿತ್ತು. ಹಳೆಯ ಅಭ್ಯಾಸ, ಲೆಕ್ಕ ಮಾಡಿದೆ. ಹಾಗೆ ನೋಡಿದರೆ ನಲವತ್ತೆರಡು ಕೊಡೆಗಳ ನಮ್ಮ ತರಗತಿಗೆ ಮೂವರು ಬರುತ್ತಾರೆ. ಉಳಿದ ಇಬ್ಬರಿಗೆ ಯಾವ ಕಾಮಾಲೆ ಇತ್ತೋ ಎಂದು ತರಗತಿಯ ಗುಂಪು ಫೋಟೋದಲ್ಲಿ ಒಂದೊಂದೇ ಮುಖ ನೋಡುತ್ತಾ ಹೋಗುತ್ತೇನೆ. ಹಿಡಿಸೂಡಿಯವನ ಮೇಲೂ ಒಮ್ಮೊಮ್ಮೆ ಬೆರಳು ನಿಲ್ಲುತ್ತದೆ.

2022ರ ಅಕ್ಟೋಬರಿನಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ ಶುರುವಾದಾಗ ನಾನು ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ. 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಆ ಸಂಖ್ಯೆಯನ್ನು ಕೋಣೆಯ ಕನ್ನಡಿಗೆ ಅಂಟಿಸಿದ್ದೆ. ಕೋಣೆಯ ಇಬ್ಬರು ಗೆಳತಿಯರು ಏಕೆ ಎಂದು ಕೇಳಲಿಲ್ಲ. ಒಂದು ರಾತ್ರಿ ಯಾರೋ ಮೆಟ್ಟಿಲ ಕೆಳಗೆ ನಿಂತು ಮೆಲುದನಿಯಲ್ಲಿ ಬಹಳ ಹೊತ್ತು ಫೋನಿನಲ್ಲಿ ಮಾತನಾಡುವುದು ಕೇಳಿಸಿತು. ಯಾರು, ಯಾರ ಜೊತೆ ಎಂದು ನಾನೂ ಕೇಳಲಿಲ್ಲ.

ಮೊನ್ನೆಯ ಮೇ ತಿಂಗಳು ದೊಡ್ಡಮ್ಮನ ಮಗನ ಮದುವೆ. ಮದುರಂಗಿಯ ಸಂಜೆ ಚಹಾದ ಜೊತೆ ಗೋಳಿಬಜೆ ಕರಿದಿದ್ದರು. ಬಡಿಸುತ್ತಾ ಬಂದ ಅತ್ತೆ ನನ್ನ ಮುಂದೆ ಬಂದವಳು ಸೌಟು ಹಿಂದಕ್ಕೆ ತೆಗೆದುಕೊಂಡಳು. "ನಿನಗೆ ಎಣ್ಣೆಯದು ಆಗಲಿಕ್ಕಿಲ್ಲ ಮಾರಾಯ್ತಿ, ಕಾಮಾಲೆ ಬಂದ ಶರೀರ." ಅಮ್ಮ ಎರಡು ಕುರ್ಚಿಯ ಆಚೆ ಮಲ್ಲಿಗೆ ಕಟ್ಟುತ್ತಿದ್ದಳು, ಕೈ ನಿಂತಿತು.

"ಅದು ಕಾಮಾಲೆ ಅಲ್ಲ ಅತ್ತೆ. ಪ್ಯಾನಿಕ್ ಡಿಸಾರ್ಡರ್. ಮಂಗಳೂರಿನಲ್ಲಿ ಮನಸ್ಸಿನ ಡಾಕ್ಟರರ ಮದ್ದು ಮಾಡಿದ್ದು."

ಅತ್ತೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಚಪ್ಪರದಲ್ಲಿ ಮೈಕಿನ ಹಾಡು ಜೋರಾಗಿತ್ತು. "ಮೆಲ್ಲ ಮಾತನಾಡು" ಎಂದಳು. ಆಮೇಲೆ ತಟ್ಟೆಗೆ ನಾಲ್ಕು ಗೋಳಿಬಜೆ ಹಾಕಿ, ಚಟ್ನಿ ಬೇಕಾ ಎಂದು ಕೇಳಿದಳು.